ಒಂದು ಕಾರ್ಡು, ಮೂರು ಇಸವಿ: ಸ್ವಾಮಿ ವಿವೇಕಾನಂದರ ಹಳೆಯ ಚಿತ್ರಕಾರ್ಡುಗಳ ಸಂಗ್ರಹ



ದೇವರ ಗೂಡಿನಲ್ಲೋ, ಊರಿಂದ ಹೊರಡುವಾಗ ಅಮ್ಮ ಪೆಟ್ಟಿಗೆಯಲ್ಲಿಟ್ಟ ಸ್ತೋತ್ರ ಪುಸ್ತಕದ ಹಾಳೆಗಳ ನಡುವೆಯೋ ಸ್ವಾಮಿ ವಿವೇಕಾನಂದರ ಒಂದು ಹಳೆಯ ಚಿತ್ರಕಾರ್ಡು ನಮ್ಮಲ್ಲಿ ಹಲವರ ಮನೆಯಲ್ಲಿ ಸಿಕ್ಕೀತು. ಆಶ್ರಮದ ಪುಸ್ತಕದಂಗಡಿಯಲ್ಲಿ ಕೊಂಡದ್ದಿರಬಹುದು, ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನವಾಗಿ ಬಂದದ್ದಿರಬಹುದು. ಇಂಥ ಕಾರ್ಡುಗಳನ್ನು ಒಟ್ಟುಮಾಡಿ ಸ್ವಾಮೀಜಿಯವರ ಜೀವನವನ್ನು ಮಕ್ಕಳ ಮುಂದೆ ಸಾಲಾಗಿ ಜೋಡಿಸುವುದು ಹೇಗೆಂಬುದು ಈ ಸಂಚಿಕೆಯ ಪಾಠ.

ಮೊದಲು ತಿಳಿಯಬೇಕಾದದ್ದು: ಪ್ರತಿ ಕಾರ್ಡಿಗೂ ಮೂರು ಇಸವಿಗಳಿವೆ. ಚಿತ್ರ ತೆಗೆದ ಇಸವಿ ಒಂದು, ಕಾರ್ಡು ಅಚ್ಚಾದ ಇಸವಿ ಇನ್ನೊಂದು, ಅದು ನಮ್ಮ ಮನೆಗೆ ಬಂದ ಇಸವಿ ಮೂರನೆಯದು. ಮೊದಲನೆಯದು ಪುಸ್ತಕಗಳಲ್ಲಿ ಸಿಗುತ್ತದೆ. ಎರಡನೆಯದನ್ನು ಕಾರ್ಡಿನ ಬೆನ್ನು ಹೇಳುತ್ತದೆ. ಮೂರನೆಯದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ.

ಸ್ವಾಮೀಜಿಯವರು ಹುಟ್ಟಿದ್ದು 1863ರ ಜನವರಿ 12ರಂದು, ದೇಹ ಬಿಟ್ಟದ್ದು 1902ರ ಜುಲೈ 4ರಂದು. ಕನ್ನಡಿಗರಾದ ನಾವು ಸಾಲಿನ ಆರಂಭದಲ್ಲೇ ಇಡಬೇಕಾದ ಚಿತ್ರವೊಂದಿದೆ. 1892ರ ಅಕ್ಟೋಬರಿನಲ್ಲಿ ಪರಿವ್ರಾಜಕರಾಗಿ ಬೆಳಗಾವಿಗೆ ಬಂದಾಗ ಅಲ್ಲಿ ತೆಗೆದದ್ದು. ಆಗಿನ್ನೂ ಜಗತ್ತಿಗೆ ಅವರ ಹೆಸರು ತಿಳಿದಿರಲಿಲ್ಲ. ಅಲ್ಲಿಂದ ಮುಂದೆ ಅವರು ಮೈಸೂರಿಗೂ ಹೋಗಿ ಮಹಾರಾಜ ಚಾಮರಾಜೇಂದ್ರ ಒಡೆಯರ ಆದರಕ್ಕೆ ಪಾತ್ರರಾದರು.

ಅದೇ ವರ್ಷದ ಡಿಸೆಂಬರಿನಲ್ಲಿ ಕನ್ಯಾಕುಮಾರಿ. ಸಮುದ್ರದ ನಡುವಿನ ಬಂಡೆಯ ಮೇಲೆ ಧ್ಯಾನಕ್ಕೆ ಕುಳಿತ ಸ್ವಾಮೀಜಿಯವರ ಕಾರ್ಡು ಎಲ್ಲರಿಗೂ ಗೊತ್ತು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಅದನ್ನು ನೋಡಿದೊಡನೆ ಕೇಳುವ ಪ್ರಶ್ನೆ, "ಈ ಫೋಟೋ ತೆಗೆದವರು ಯಾರು?" ಬಹಳ ಸರಿಯಾದ ಪ್ರಶ್ನೆ, ಗದರಿಸಿ ಸುಮ್ಮನಾಗಿಸಬೇಡಿ. ಅಲ್ಲಿ ಯಾರೂ ಫೋಟೋ ತೆಗೆಯಲಿಲ್ಲ. ಅದು ಕಲಾವಿದರು ಭಕ್ತಿಯಿಂದ ಕಲ್ಪಿಸಿ ಬರೆದ ಚಿತ್ರ. ಅದಕ್ಕೂ ಸಾಲಿನಲ್ಲಿ ಜಾಗವಿದೆ, ಆದರೆ 'ವರ್ಣಚಿತ್ರ' ಎಂಬ ಚೀಟಿಯೊಡನೆ. ಬಂಡೆಯ ಮೇಲೆ ಸ್ಮಾರಕ ಮಂದಿರ ಕಾಣಿಸಿದರೆ ಕಾರ್ಡು 1970ರ ಸುಮಾರಿನದು ಅಥವಾ ಈಚಿನದು, ಏಕೆಂದರೆ ಸ್ಮಾರಕ ಉದ್ಘಾಟನೆಯಾದದ್ದು ಆ ವರ್ಷ.

ಕೈಕಟ್ಟಿ ನಿಂತ ಪ್ರಸಿದ್ಧ ಭಂಗಿ 1893ರ ಚಿಕಾಗೋದ್ದು, ಥಾಮಸ್ ಹ್ಯಾರಿಸನ್ ಅವರ ಸ್ಟುಡಿಯೋದಲ್ಲಿ ತೆಗೆದದ್ದು. "1893ರ ಅಸಲಿ ಪೋಸ್ಟ್‌ಕಾರ್ಡು" ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ಕಾರ್ಡನ್ನು ತಿರುಗಿಸಿ ನೋಡಿ. ಬೆನ್ನಿನ ನಡುವೆ ಗೆರೆ ಎಳೆದು ಒಂದು ಕಡೆ ವಿಳಾಸ, ಒಂದು ಕಡೆ ಒಕ್ಕಣೆ ಬರೆಯುವ ಪದ್ಧತಿ ಮೊದಲು ಬಂದದ್ದು ಬ್ರಿಟನ್ನಿನಲ್ಲಿ, 1902ರಲ್ಲಿ. ಐರ್ಲೆಂಡಿಗೂ ಆಗ ಅದೇ ಅಂಚೆ ಇಲಾಖೆ. ನಡುಗೆರೆ ಇದ್ದರೆ ಚಿತ್ರ ಎಷ್ಟೇ ಹಳೆಯದಾಗಿರಲಿ, ಕಾರ್ಡು ಸ್ವಾಮೀಜಿಯವರ ಚಿಕಾಗೋ ದಿನಗಳದ್ದಲ್ಲ.

ಬೆನ್ನು ಹೇಳುವ ಮಾತು ಇನ್ನೂ ಇದೆ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ಕ್ಕೆ ಮುಂಚಿನದು. 'ನಯೇ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಪಿನ್‌ಕೋಡ್ ಅಚ್ಚಾಗಿದ್ದರೆ 1972ರ ಆಗಸ್ಟ್ 15ರ ಈಚಿನದು. 'ಮೈಸೂರು ರಾಜ್ಯ' ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರಿಗಿಂತ ಹಿಂದಿನದು. 'ಕಲ್ಕತ್ತಾ' ಎಂಬ ಹೆಸರನ್ನು ಮಾತ್ರ ನೆಚ್ಚಬೇಡಿ, ಅದು 2001ರವರೆಗೂ ಇತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಚಿಕ್ಕ ಚಿಕ್ಕ ಚುಕ್ಕಿಗಳು ಕಂಡರೆ ಯಂತ್ರದಲ್ಲಿ ಅಚ್ಚು ಹಾಕಿದ್ದು. ಚುಕ್ಕಿಯಿಲ್ಲದೆ ನುಣುಪಾಗಿದ್ದು, ಕಪ್ಪು ಭಾಗದ ಅಂಚಿನಲ್ಲಿ ಬೆಳ್ಳಿಯ ಹೊಳಪು ಕಂಡರೆ ನಿಜವಾದ ಫೋಟೋ ಪ್ರತಿ.

ಇನ್ನು ಐರ್ಲೆಂಡಿನಲ್ಲಿರುವ ನಾವು ಬಿಡದೆ ಹುಡುಕಬೇಕಾದದ್ದು 1898ರ ಚಿತ್ರಗಳು. ಡಬ್ಲಿನ್ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ಹಾದಿಯ ಡಂಗ್ಯಾನನ್ ಪಟ್ಟಣದಲ್ಲಿ 1867ರ ಅಕ್ಟೋಬರ್ 28ರಂದು ಹುಟ್ಟಿದ ಮಾರ್ಗರೆಟ್ ನೋಬಲ್, 1895ರಲ್ಲಿ ಲಂಡನ್ನಿನಲ್ಲಿ ಸ್ವಾಮೀಜಿಯವರನ್ನು ಕಂಡರು. 1898ರ ಜನವರಿಯಲ್ಲಿ ಕಲ್ಕತ್ತೆಗೆ ಬಂದಿಳಿದು, ಮಾರ್ಚಿ 25ರಂದು ದೀಕ್ಷೆ ಪಡೆದು ನಿವೇದಿತಾ ಆದರು. ಅದೇ ವರ್ಷ ಕಾಶ್ಮೀರದಲ್ಲಿ ಸ್ವಾಮೀಜಿ ಮತ್ತು ಪಾಶ್ಚಾತ್ಯ ಶಿಷ್ಯೆಯರೊಡನೆ ತೆಗೆದ ಚಿತ್ರದಲ್ಲಿ ಅವರಿದ್ದಾರೆ. ಇನ್ನೊಂದು ಚಿತ್ರದಲ್ಲಿ ಶ್ರೀಮಾತೆ ಶಾರದಾದೇವಿಯವರೂ ನಿವೇದಿತಾ ಅವರೂ ಎದುರುಬದುರಾಗಿ ಕುಳಿತು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಸಂಕೋಚದ ಸ್ವಭಾವದ ಶ್ರೀಮಾತೆಯವರು ಸಾರಾ ಬುಲ್ ಅವರ ಒತ್ತಾಯಕ್ಕೆ ಒಪ್ಪಿ ಕ್ಯಾಮೆರಾದ ಮುಂದೆ ಕುಳಿತ ದಿನಗಳವು. ಒಬ್ಬರು ಬಂಗಾಳದ ಹಳ್ಳಿಯವರು, ಒಬ್ಬರು ಐರ್ಲೆಂಡಿನ ಪಾದ್ರಿಯೊಬ್ಬರ ಮಗಳು. ನಮ್ಮ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾರ್ಡು ನಮಗೆ ಕಂಡಿಲ್ಲ.

ಕಾಪಾಡುವ ವಿಷಯ. ಇಲ್ಲಿನ ತೇವದ ಹವೆಗೆ ಹೊರಗೋಡೆಗೆ ತಾಗಿದ ಕಪಾಟು ಒಳ್ಳೆಯದಲ್ಲ, ಬೂಷ್ಟು ಹಿಡಿಯುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ, ಸೆಲೋಟೇಪು, ಗೋಂದು ಯಾವುದೂ ಬೇಡ. ಪಾಲಿಯೆಸ್ಟರ್ ಲಕೋಟೆಗಳು ಸಿಗುತ್ತವೆ. ಕಾರ್ಡಿನ ಮೇಲೆ ಅಜ್ಜಿ ಇಟ್ಟ ಕುಂಕುಮವಿದ್ದರೆ ಒರೆಸಲು ಹೋಗಬೇಡಿ. ಮಾರುವವರ ಕಣ್ಣಿಗೆ ಅದು ಕಲೆ, ನಮಗಲ್ಲ. ಪೂಜೆಯಲ್ಲಿರುವ ಚಿತ್ರವನ್ನು ಆಲ್ಬಮ್ಮಿಗಾಗಿ ಗೂಡಿನಿಂದ ಕೀಳುವುದೂ ಬೇಡ, ಸ್ಕ್ಯಾನ್ ಪ್ರತಿ ಸಾಕು.

ಉಳಿದದ್ದು ಮೂರನೆಯ ಇಸವಿ. ನಮ್ಮ ಐರಿಷ್ ನೆರೆಯವರು ತೀರಿಕೊಂಡವರ ಸ್ಮರಣೆಯ ಚಿಕ್ಕ ಕಾರ್ಡುಗಳನ್ನು ಪ್ರಾರ್ಥನಾ ಪುಸ್ತಕದಲ್ಲಿಟ್ಟು, ಯಾರದು, ಯಾವಾಗಿನದು ಎಂದು ಹೇಳಬಲ್ಲರು. ನಮ್ಮ ಕಾರ್ಡುಗಳಿಗೆ ಹಾಗೆ ಹೇಳುವವರು ಕಡಿಮೆಯಾಗುತ್ತಿದ್ದಾರೆ. ಊರಿನ ಮನೆ ಖಾಲಿ ಮಾಡುವಾಗ ಹಳೆಯ ಪುಸ್ತಕಗಳ ಜೊತೆ ಇವೂ ರದ್ದಿಗೆ ಹೋಗುತ್ತವೆ. ಆದ್ದರಿಂದ ಈ ವಾರ ಊರಿಗೆ ಫೋನ್ ಮಾಡಿದಾಗ ತಂದೆ ತಾಯಿಯರನ್ನು ಕೇಳಿ: ಎಲ್ಲಿ ಕೊಂಡದ್ದು, ಯಾರು ಕೊಟ್ಟದ್ದು, ಆಗ ನೀವೆಲ್ಲಿದ್ದಿರಿ? ಉತ್ತರವನ್ನು ಬೇರೆ ಚೀಟಿಯಲ್ಲಿ ಮೆದುವಾದ ಪೆನ್ಸಿಲಿನಿಂದ, ಕನ್ನಡದಲ್ಲೂ ಮಕ್ಕಳಿಗಾಗಿ ಇಂಗ್ಲಿಷಿನಲ್ಲೂ ಬರೆದು ಕಾರ್ಡಿನ ಜೊತೆ ಅದೇ ಲಕೋಟೆಯಲ್ಲಿಡಿ.