ದಿನಾ ಕೈ ತಾಕುವ ಪೆಟ್ಟಿಗೆ

ಮಗಾ, ಧನಗೆರೆ ಜಮೀನಿಗೆ ಹೊಸ ಮೋಟಾರು ಇಳಿಸುತ್ತಿದ್ದೀಯ ಅಂತ ಕೇಳಿ ಸಂತೋಷವಾಯಿತು. ಮೋಟಾರಿಗೂ ಕೇಬಲ್ಲಿಗೂ ಕೊಳ್ಳೇಗಾಲದಲ್ಲಿ ನಾಲ್ಕು ಅಂಗಡಿ ಸುತ್ತಿದವನು, ಸ್ಟಾರ್ಟರ್ ಪೆಟ್ಟಿಗೆ ಮಾತ್ರ ‘ಯಾವುದೋ ಒಂದು ತಗಡಿಂದು ಹಾಕಿದರಾಯ್ತು’ ಅಂದೆಯಂತೆ. ಅದಕ್ಕೇ ಈ ಕಿವಿಮಾತು. ಬೋರ್‌ವೆಲ್ ಒಳಗಿರುವ ಮೋಟಾರನ್ನು ನೀನು ಮುಟ್ಟುವುದೇ ಅಪರೂಪ. ಪೆಟ್ಟಿಗೆಯನ್ನು ದಿನಾ ಮುಟ್ಟುತ್ತೀಯ. ಅದೂ ತ್ರೀಫೇಸ್ ಕೊಟ್ಟಾಗ, ಸರಿರಾತ್ರಿಯಲ್ಲಿ, ಕೆಸರುಗಾಲಲ್ಲಿ, ಒದ್ದೆ ಕೈಯಲ್ಲಿ. ಜೀವಕ್ಕೆ ಕುತ್ತು ಬರುವುದು ಅಲ್ಲಿ.

ಪೆಟ್ಟಿಗೆ ಕೊಳ್ಳುವಾಗ ಅದರ ಮೇಲೆ ಐಪಿ 55 ಅಥವಾ ಐಪಿ 65 ಅಂತ ಇದೆಯಾ ನೋಡು. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಕೊನೆಗೆ 5 ಇದ್ದರೆ ಪೈಪಿನಿಂದ ನೀರು ಚಿಮ್ಮಿಸಿದರೂ ಒಳಗಿನ ಸಾಮಾನಿಗೆ ತೊಂದರೆಯಾಗದು. ತಗಡಿನ ಬದಲು ಫೈಬರ್ ಪೆಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ತುಕ್ಕು ಹಿಡಿಯುವುದಿಲ್ಲ, ಮೈಗೆ ಕರೆಂಟ್ ಇಳಿಯುವುದಿಲ್ಲ. ಆದರೆ ವೈರ್ ತೂರಿಸಲು ನೆತ್ತಿಯ ಮೇಲೆ ಒಂದು ತೂತು ಕೊರೆದೆಯೋ, ಆ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಕೇಬಲ್ ಯಾವಾಗಲೂ ಕೆಳಗಿನಿಂದಲೇ ಒಳಗೆ ಹೋಗಬೇಕು, ತೂತಿಗೆ ಸರಿಯಾದ ಅಳತೆಯ ಗ್ಲ್ಯಾಂಡ್ ಬಿಗಿಯಬೇಕು. ಒಳಗೆ ಹೋಗುವ ಮುನ್ನ ಕೇಬಲ್ಲನ್ನು ಪೆಟ್ಟಿಗೆಗಿಂತ ಒಂದು ಗೇಣು ಕೆಳಗಿಳಿಸಿ ಬಳಸಿ ತಾ. ಕೇಬಲ್ ಗುಂಟ ಹರಿದು ಬಂದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಬಾಗಿಲ ಸುತ್ತಿನ ರಬ್ಬರ್ ಗ್ಯಾಸ್ಕೆಟ್ ನಮ್ಮ ಬಿಸಿಲಿಗೆ ಬಿರುಸಾಗಿ ಸೀಳುಬಿಡುತ್ತದೆ. ಸಂದಿ ಸಿಕ್ಕರೆ ಮೊದಲು ನುಗ್ಗುವುದು ನೀರಲ್ಲ, ಇರುವೆ. ಕಾಂಟ್ಯಾಕ್ಟರಿನ ಪಾಯಿಂಟುಗಳ ನಡುವೆ ಇರುವೆ ಸಿಕ್ಕಿ ಸುಟ್ಟು ಕರಿಯಾದರೆ ಪಾಯಿಂಟು ಸರಿಯಾಗಿ ಕೂರುವುದಿಲ್ಲ, ಮೋಟಾರು ಎರಡೇ ಫೇಸಿನಲ್ಲಿ ಗುಂಯ್‌ಗುಟ್ಟಿ ಸುಟ್ಟುಹೋಗುತ್ತದೆ. ಹಲ್ಲಿ ಅಡ್ಡ ಬಿದ್ದರೆ ನೇರ ಶಾರ್ಟು. ಆದ್ದರಿಂದ ಬಾಗಿಲು ಮುಚ್ಚಿ ಚಿಲಕ ಹಾಕುವುದನ್ನು ಅಭ್ಯಾಸ ಮಾಡಿಕೋ. ಮೇಲೊಂದು ಸಣ್ಣ ಸೂರು ಹಾಕಿಸು. ಏಪ್ರಿಲ್ ಬಿಸಿಲಿಗೆ ಪೆಟ್ಟಿಗೆ ಕಾದು, ಓವರ್‌ಲೋಡ್ ರಿಲೇ ಸುಮ್ಮಸುಮ್ಮನೆ ಟ್ರಿಪ್ ಆಗುವುದು ತಪ್ಪುತ್ತದೆ.

ಈಗ ಮುಖ್ಯ ವಿಷಯ, ಅರ್ತಿಂಗ್. ‘ಫ್ಯೂಸ್ ಇದೆಯಲ್ಲ ಚಿಕ್ಕಪ್ಪ, ಹೋದರೆ ಅದು ಹೋಗುತ್ತೆ’ ಅನ್ನಬೇಡ. ಲೆಕ್ಕ ಹಾಕಿ ನೋಡು. ಒಂದು ಫೇಸು ತಗಡಿನ ಮೈಗೆ ತಾಕಿತು ಅನ್ನು. ಅದು 230 ವೋಲ್ಟ್. ನಿನ್ನ ಅರ್ತ್ ಗುಂಡಿಯ ರೋಧ 20 ಓಮ್ ಇದ್ದರೆ ನೆಲಕ್ಕೆ ಹರಿಯುವುದು ಹನ್ನೊಂದೂವರೆ ಆಂಪಿಯರ್. ಐದು ಎಚ್‌ಪಿ ಮೋಟಾರಿಗೆ ಹಾಕುವ 20 ಆಂಪಿಯರ್ ಫ್ಯೂಸು ಇಷ್ಟಕ್ಕೆ ಕರಗುವುದೇ ಇಲ್ಲ. ಮೋಟಾರು ಓಡುತ್ತಲೇ ಇರುತ್ತದೆ, ಪೆಟ್ಟಿಗೆಯ ಮೈಯಲ್ಲಿ ಕರೆಂಟ್ ನಿಂತೇ ಇರುತ್ತದೆ, ಮುಟ್ಟಿದವರಿಗೆ ಹೊಡೆಯುತ್ತದೆ. ಆದ್ದರಿಂದ ಅರ್ತಿಂಗ್ ಜೊತೆಗೆ ಆರ್‌ಸಿಸಿಬಿ ಬೇಕೇ ಬೇಕು. ಸೋರಿಕೆ ಕಂಡ ಕೂಡಲೇ ಅದು ಲೈನ್ ಕಡಿದುಬಿಡುತ್ತದೆ. ಮನೆಗೆ, ದೀಪದ ಲೈನಿಗೆ 30 ಮಿಲಿಆಂಪಿಯರಿನದು ಹಾಕು. ಮೋಟಾರಿನ ಲೈನಿಗೂ ಅದನ್ನೇ ಹಾಕಿ, ಮುಂದೆ ಸಬ್‌ಮರ್ಸಿಬಲ್ ಕೇಬಲ್ ಹಳೆಯದಾಗಿ ಅದು ಪದೇಪದೇ ಬಿದ್ದರೆ, ಕೇಬಲ್ ಪರೀಕ್ಷೆ ಮಾಡಿಸಿ, ಎಲೆಕ್ಟ್ರಿಷಿಯನ್ ಹೇಳಿದರೆ ಮೋಟಾರಿನ ಲೈನಿಗೆ 100ರದು ಹಾಕಿಸು. ‘ಕಾಟ ಕೊಡುತ್ತೆ’ ಅಂತ ಅದನ್ನು ತಪ್ಪಿಸಿ ನೇರ ವೈರ್ ಕೊಡುವುದು ಮಾತ್ರ ಬೇಡ.

ಅರ್ತ್ ಪೈಪು ಎರಡೂವರೆ ಮೀಟರಿಗೆ ಕಡಿಮೆ ಇರಕೂಡದು. ಮಣ್ಣು ಒಣಗಿದಂತೆ ರೋಧ ಏರುತ್ತದೆ, ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರು. ಪೆಟ್ಟಿಗೆ ತಗಡಿನದಾದರೆ ಬಾಗಿಲಿಗೂ ಬೇರೆ ಅರ್ತ್ ವೈರ್ ಎಳೆಸು. ತುಕ್ಕು ಹಿಡಿದ ಕೀಲನ್ನು ನಂಬಬೇಡ.

ಎತ್ತರದ ವಿಷಯಕ್ಕೆ ಊರಿನ ಹಿರಿಯರನ್ನು ಕೇಳು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ದಾಸನಪುರ, ಹಳೇ ಹಂಪಾಪುರದ ಕಡೆ ನೀರು ನುಗ್ಗಿದ್ದು ನಿನಗೂ ಗೊತ್ತು. ನಿನ್ನ ಜಮೀನಿನಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ವಿಚಾರಿಸಿ, ಅದಕ್ಕಿಂತ ಮೇಲೆ ಪೆಟ್ಟಿಗೆ ಕೂರಿಸು. ನಿಂತು ಕೈ ಹಾಕಲು ಒಣ ಕಲ್ಲಿನ ಜಗಲಿ ಕಟ್ಟಿಸು. ಮುಳುಗಿದ ಪೆಟ್ಟಿಗೆಯನ್ನು ಒಣಗಿತೆಂದು ನೀನೇ ಆನ್ ಮಾಡಬೇಡ.

ನಮ್ಮ ಮಗ್ಗುಲ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಅಷ್ಟು ಹಳೆಯ ನಂಟಿರುವ ಸೀಮೆಯಲ್ಲಿ ಒಂದು ಪೆಟ್ಟಿಗೆಯ ದುಡ್ಡು ಉಳಿಸಲು ಹೋಗಿ ಜೀವ ಕಳೆದುಕೊಳ್ಳುವುದು ಬೇಡ.

ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸು. ಅರ್ತ್ ಟೆಸ್ಟರ್ ಇಟ್ಟು ಅಳೆದ ಓಮನ್ನೂ ತಾರೀಖನ್ನೂ ಬಾಗಿಲ ಒಳಮೈಗೆ ಬರೆಸು. ಯಾರಿಗಾದರೂ ಶಾಕ್ ಹೊಡೆದರೆ ಕೈ ಹಾಕಿ ಎಳೆಯಬಾರದು, ಮೊದಲು ಮೇನ್ ಆಫ್ ಮಾಡಬೇಕು ಅಂತ ಮನೆಯವರಿಗೂ ಆಳುಗಳಿಗೂ ಇವತ್ತೇ ಹೇಳು. ಲೈನ್ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಲಿ. ಹಸ್ತ ಮಳೆ ಹಿಡಿಯುವುದರೊಳಗೆ ಇಷ್ಟನ್ನು ಮುಗಿಸಿಬಿಡು, ಮಗಾ.