ಮನೆಯಲ್ಲಿ ಏನಿದೆ? ತಿಂಗಳ ಖರ್ಚಿನ ಬಗ್ಗೆ ಯೌವನಸ್ಥರಿಗೆ ಒಂದು ಪಾಠ

ಓದಬೇಕಾದ ಭಾಗ: 2 ಅರಸುಗಳು 4:1-7



ಹೋದ ತಿಂಗಳು ನಮ್ಮ ಕೂಟಕ್ಕೆ ಬರೋ ಒಬ್ಬ ತಮ್ಮ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಪಾಸ್ಟರ್, ಸಾಲ ಜಾಸ್ತಿ ಆಗಿದೆ, ಪ್ರಾರ್ಥನೆ ಮಾಡಿ" ಅಂದ. ಖಂಡಿತ ಮಾಡೋಣ, ಎಷ್ಟಿದೆ ಸಾಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಸರಿಯಾಗಿ ಗೊತ್ತಿಲ್ಲ ಪಾಸ್ಟರ್. ಎರಡು ಕಾರ್ಡ್ ಇದೆ, ಒಂದು ಆ್ಯಪ್‌ನಲ್ಲಿ ತಗೊಂಡಿದ್ದೀನಿ, ಫ್ರೆಂಡ್‌ಗೂ ಕೊಡಬೇಕು" ಅಂದ.

ನಾನು ಅವನನ್ನ ಬಯ್ಯಲಿಲ್ಲ. ಯಾಕಂದ್ರೆ ಮದುವೆಯಾದ ಮೊದಲನೇ ವರ್ಷ ನಾನೂ ಹಾಗೇ ಇದ್ದೆ. ಒಂದು ತಿಂಗಳು 19ನೇ ತಾರೀಖು ಮನೆಯಲ್ಲಿ ಗ್ಯಾಸ್ ಮುಗೀತು. ಸಿಲಿಂಡರ್ ತರಿಸೋದಕ್ಕೆ ಅಕೌಂಟಲ್ಲಿ ದುಡ್ಡಿಲ್ಲ. ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ಸಂಬಳ ಬಂದು ಮೂರು ವಾರ ಆಗಿಲ್ಲ, ಎಲ್ಲಿ ಹೋಯ್ತು?" ಅರ್ಧ ಉತ್ತರ ನನಗೆ ಗೊತ್ತಿರಲಿಲ್ಲ. ಇನ್ನರ್ಧ ಗೊತ್ತಿತ್ತು, ಆದ್ರೆ ಬಚ್ಚಿಟ್ಟಿದ್ದೆ. ಕಾರ್ಡ್ ಬಿಲ್ಲಿನ ಮೆಸೇಜ್ ಬಂದ ಕೂಡಲೇ ಡಿಲೀಟ್ ಮಾಡ್ತಿದ್ದೆ. ಭಾನುವಾರ ಮುಂದೆ ನಿಂತು ಆರಾಧನೆ ನಡೆಸ್ತಿದ್ದವನೂ ನಾನೇ.

ಇವತ್ತಿನ ಭಾಗದಲ್ಲಿರೋ ವಿಧವೆಯ ಕಥೆ ನಿಮಗೆಲ್ಲ ಗೊತ್ತು. ಗಂಡ ತೀರಿಕೊಂಡಿದ್ದಾನೆ, ಸಾಲ ಕೊಟ್ಟವನು ಇಬ್ಬರು ಮಕ್ಕಳನ್ನ ದಾಸರಾಗಿ ಎಳೆದುಕೊಂಡು ಹೋಗೋದಕ್ಕೆ ಬಂದಿದ್ದಾನೆ. ನಾವು ಎಣ್ಣೆ ಉಕ್ಕಿದ ಅದ್ಭುತವನ್ನೇ ಯಾವಾಗಲೂ ಸಾರುತ್ತೇವೆ. ಆದರೆ ಅದ್ಭುತಕ್ಕೆ ಮುಂಚೆ ಎಲೀಷನು ಅವಳ ಮನೆಯಲ್ಲಿ ಏನಿದೆ ಅಂತ ವಿಚಾರಿಸಿದ. ಅದ್ಭುತ ಆದಮೇಲೆ ಒಂದು ಕ್ರಮ ಹೇಳಿಕೊಟ್ಟ: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಜೀವನ ಮಾಡು. ಮೊದಲು ಲೆಕ್ಕ, ಆಮೇಲೆ ಅದ್ಭುತ, ಅದರ ನಂತರ ಮತ್ತೆ ಲೆಕ್ಕ. ಲೆಕ್ಕ ಬರೆಯೋದು ಅವಿಶ್ವಾಸ ಅಂತ ಯಾರಾದರೂ ಹೇಳಿದ್ರೆ, ಈ ಏಳು ವಚನ ಓದಿಸಿ.

1. ಇರುವುದನ್ನು ಇರುವ ಹಾಗೇ ಬರೆಯಿರಿ

ಲೂಕ 14ರಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ. ನೀವೂ ಕೂತ್ಕೊಳ್ಳಿ. ಒಂದು ನೋಟ್‌ಬುಕ್ ಸಾಕು. ಕೈಗೆ ಬರೋ ಸಂಬಳ ಎಷ್ಟು, ಯಾರಿಗೆ ಎಷ್ಟು ಕೊಡಬೇಕು, ಕಳೆದ ಮೂವತ್ತು ದಿನದಲ್ಲಿ ಏನೇನು ಹೋಯ್ತು? ಯುಪಿಐ ಹಿಸ್ಟರಿ ತೆಗೆದು ನೋಡಿ, ಅದು ಸುಳ್ಳು ಹೇಳಲ್ಲ. ನೋಟು ಎಣಿಸಿ ಕೊಡುವಾಗ ಕೈ ಸ್ವಲ್ಪ ತಡೆಯುತ್ತೆ, ಸ್ಕ್ಯಾನ್ ಮಾಡುವಾಗ ತಡೆಯಲ್ಲ. ವಾರಕ್ಕೆ ಮೂರು ಸಲ 300 ರೂಪಾಯಿ ಊಟ ಆರ್ಡರ್ ಮಾಡಿದ್ರೆ ನಾಲ್ಕು ವಾರಕ್ಕೆ 3,600. ಒಂದೊಂದೇ ಆರ್ಡರ್ ನೋಡಿದ್ರೆ ಅದು ಗೊತ್ತೇ ಆಗಲ್ಲ, ಕೂಡಿಸಿದಾಗಲೇ ಗೊತ್ತಾಗೋದು.

2. ಖರ್ಚಾಗೋ ಮುಂಚೆ ಹಂಚಿ

ತಿಂಗಳ ಕೊನೆಗೆ ಉಳಿದರೆ ಉಳಿಸ್ತೀನಿ ಅನ್ನೋವರಿಗೆ ಯಾವತ್ತೂ ಉಳಿಯಲ್ಲ. ಬೆಂಗಳೂರಲ್ಲಿ 40,000 ಕೈಗೆ ಬರೋ ಒಂದು ಚಿಕ್ಕ ಕುಟುಂಬ ಅಂದ್ಕೊಳ್ಳಿ. ಹೀಗೆ ಹಂಚಬಹುದು:

ದಶಮಾಂಶ, ಕಾಣಿಕೆ: 4,000
ಉಳಿತಾಯ: 4,000
ಊರಲ್ಲಿರೋ ಅಪ್ಪ ಅಮ್ಮನಿಗೆ: 4,000
ಬಾಡಿಗೆ, ನೀರು: 12,000
ದಿನಸಿ, ಹಾಲು, ತರಕಾರಿ, ಗ್ಯಾಸ್: 8,500
ಕರೆಂಟ್, ಮೊಬೈಲ್, ಇಂಟರ್ನೆಟ್: 1,500
ಓಡಾಟ: 3,000
ಬಟ್ಟೆ, ಔಷಧಿ, ಮದುವೆ ಮನೆ ಉಡುಗೊರೆ: 2,000
ಗಂಡ ಹೆಂಡತಿಗೆ ತಲಾ 500 ಕೈಖರ್ಚು: 1,000

ಇದು ಕಟ್ಟಳೆಯಲ್ಲ, ಮಾದರಿ. ನಿಮ್ಮ ಬಾಡಿಗೆ 16,000 ಇದ್ರೆ ಬೇರೆ ಎಲ್ಲಿಂದಾದರೂ 4,000 ಕಡಿಮೆ ಮಾಡಲೇಬೇಕು. ಎಲ್ಲಿಂದ ಅನ್ನೋದನ್ನ 1ನೇ ತಾರೀಖೇ ನೀವು ನಿರ್ಧಾರ ಮಾಡದಿದ್ರೆ, 19ನೇ ತಾರೀಖು ಗ್ಯಾಸ್ ಸಿಲಿಂಡರ್ ನಿರ್ಧಾರ ಮಾಡುತ್ತೆ. ಆ ಕೊನೆಯ 500 ರೂಪಾಯಿಯನ್ನ ಮಾತ್ರ ತೆಗೀಬೇಡಿ. ಅದಕ್ಕೆ ಒಬ್ಬರನ್ನೊಬ್ಬರು ಲೆಕ್ಕ ಕೇಳಬಾರದು. ಮನೆಯಲ್ಲಿ ಎಷ್ಟೋ ಜಗಳ ಅದರಿಂದಲೇ ನಿಲ್ಲುತ್ತೆ.

ಇನ್ನೊಂದು ಮಾತು ಧೈರ್ಯವಾಗಿ ಹೇಳ್ತೀನಿ. ಕಾರ್ಡ್ ಉಜ್ಜಿ, ಸಾಲ ಮಾಡಿ ಕಾಣಿಕೆ ಕೊಡಬೇಡಿ. 2 ಕೊರಿಂಥ 8ರಲ್ಲಿ ಪೌಲನು ಕಲಿಸೋದು ನಮ್ಮ ಹತ್ತಿರ ಇರುವುದರ ಪ್ರಕಾರ ಕೊಡೋದನ್ನ, ಇಲ್ಲದ್ದರ ಪ್ರಕಾರ ಅಲ್ಲ.

3. ಸಾಲ ಬೆಳೆಯೋ ರೀತಿ ತಿಳ್ಕೊಳ್ಳಿ

ಸಾಲಗಾರ ಸಾಲ ಕೊಟ್ಟವನಿಗೆ ಸೇವಕನಾಗ್ತಾನೆ ಅಂತ ಜ್ಞಾನೋಕ್ತಿ 22 ಎಚ್ಚರಿಸುತ್ತೆ. ಅದು ಇವತ್ತು ಹೇಗೆ ನಡೆಯುತ್ತೆ ನೋಡಿ. ಕಾರ್ಡಲ್ಲಿ 40,000 ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇಕಡಾ 3.5 ಅಂದ್ಕೊಳ್ಳಿ. ಒಂದು ತಿಂಗಳ ಬಡ್ಡಿ 1,400. ಆ ಬಡ್ಡಿ ಮೇಲೆ ಶೇಕಡಾ 18 ಜಿಎಸ್‌ಟಿ, ಅದು 252. ಒಟ್ಟು 1,652. ನೀವು 2,000 ಕಟ್ಟಿ ನೆಮ್ಮದಿಯಾಗಿ ಮಲಗ್ತೀರಿ. ಆದ್ರೆ ಅಸಲು ಇಳಿದದ್ದು ಬರೀ 348 ರೂಪಾಯಿ! ಅದಕ್ಕೇ ಮಿನಿಮಮ್ ಡ್ಯೂ ಕಟ್ಟಿದ್ರೆ ಸಾಲ ತೀರಲ್ಲ, ಲೇಟ್ ಫೀ ಮಾತ್ರ ತಪ್ಪುತ್ತೆ. ಇಂಥ ಸಾಲ ಇರೋವರು ಕಾರ್ಡ್ ಬಳಸೋದನ್ನ ಮೊದಲು ನಿಲ್ಲಿಸಿ. ಎಲ್ಲಾ ಸಾಲಕ್ಕೂ ಕಟ್ಟಲೇಬೇಕಾದ್ದನ್ನ ಕಟ್ಟಿ, ಮಿಕ್ಕಿದ್ದನ್ನೆಲ್ಲ ಬಡ್ಡಿ ಜಾಸ್ತಿ ಇರೋ ಸಾಲಕ್ಕೆ ಹಾಕಿ. ಕೈಯಲ್ಲಿ ಒಂದು ತಿಂಗಳ ದಿನಸಿಯಷ್ಟು ಇಟ್ಟುಕೊಂಡು, ಉಳಿತಾಯದ ಹಣವನ್ನೂ ಅದಕ್ಕೇ ಕಟ್ಟಿ.

4. ಗೊತ್ತಿರೋ ಖರ್ಚಿಗೆ ಆಶ್ಚರ್ಯ ಪಡಬೇಡಿ

ಕ್ರಿಸ್ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತೆ. ಮಕ್ಕಳ ಸ್ಕೂಲ್ ಫೀಸೂ ಪ್ರತಿ ವರ್ಷ ಬರುತ್ತೆ. ಆದ್ರೂ ಪ್ರತಿ ವರ್ಷ ಇದ್ದಕ್ಕಿದ್ದ ಹಾಗೆ ಬಂತು ಅನ್ನೋ ಥರ ಸಾಲ ಮಾಡ್ತೀವಿ. ಯೋಸೇಫನು ಸುಭಿಕ್ಷದ ಏಳು ವರ್ಷ ಬೆಳೆಯಲ್ಲಿ ಐದನೇ ಒಂದು ಭಾಗ ಎತ್ತಿಡಿಸಿದ. ಬರ ಬರುತ್ತೆ ಅಂತ ದೇವರು ತಿಳಿಸಿದ್ದನ್ನ ನಂಬಿದ್ದಕ್ಕೇ ಕಣಜ ತುಂಬಿಸಿದ. ವರ್ಷಕ್ಕೆ 12,000 ಬೇಕಾಗೋ ಖರ್ಚಿಗೆ ಜನವರಿಯಿಂದಲೇ ತಿಂಗಳಿಗೆ 1,000 ಬೇರೆ ಇಡಿ.

5. ಬಾಗಿಲು ಮುಚ್ಚಿ, ಆದರೆ ಮನೆಯವರ ಜೊತೆ

ಆ ವಿಧವೆ ಎಣ್ಣೆ ಹೊಯ್ಯುವಾಗ ಬಾಗಿಲು ಮುಚ್ಚಿದಳು, ಆದ್ರೆ ಮಕ್ಕಳು ಒಳಗೇ ಇದ್ರು, ಪಾತ್ರೆ ತಂದುಕೊಟ್ರು. ನಮ್ಮ ಲೆಕ್ಕ ಊರಿಗೆಲ್ಲ ಗೊತ್ತಾಗಬೇಕಿಲ್ಲ, ಮನೆಯವರಿಗೆ ಗೊತ್ತಿರಬೇಕು. ಮದುವೆ ಆಗದವರು ನಂಬಿಕೆಯಿರೋ ಅಣ್ಣನ ಹತ್ರ ಅಥವಾ ಅಕ್ಕನ ಹತ್ರ ತೋರಿಸಿ.

ಆ ಗ್ಯಾಸ್ ಮುಗಿದ ರಾತ್ರಿ ನಾನು ಫೋನನ್ನ ಹೆಂಡತಿ ಕೈಗೆ ಕೊಟ್ಟೆ. ಅವಳು ಎಲ್ಲ ನೋಡಿ ಅತ್ತಳು. ದುಡ್ಡು ಹೋಯ್ತು ಅಂತ ಅಲ್ಲ. "ನನಗೆ ಯಾಕೆ ಹೇಳಲಿಲ್ಲ?" ಅಂದಳು. ಆ ಸಾಲ ತೀರೋದಕ್ಕೆ 14 ತಿಂಗಳು ಹಿಡೀತು. ನಮ್ಮ ಮನೆಯಲ್ಲಿ ಎಣ್ಣೆ ಒಂದೇ ದಿನ ಉಕ್ಕಲಿಲ್ಲ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಬಂತು. ಅದೂ ಕರ್ತನ ಕೃಪೆಯೇ. ಸ್ತೋತ್ರ!

ಫೋನ್ ಮಾಡಿದ ಆ ತಮ್ಮ ಮುಂದಿನ ಶನಿವಾರ ಒಂದು ಹಾಳೆ ಹಿಡ್ಕೊಂಡು ಬಂದ. ಒಟ್ಟು 68,400. "ಪಾಸ್ಟರ್, ನಾನು ಎರಡು ಲಕ್ಷ ಇರಬಹುದು ಅಂತ ಹೆದರಿದ್ದೆ" ಅಂದ. ಈಗ ಆ ಅಂಕಿಯನ್ನ ಮುಂದಿಟ್ಟುಕೊಂಡೇ ಇಬ್ಬರೂ ಪ್ರಾರ್ಥಿಸ್ತಾ ಇದ್ದೀವಿ. ಹೋದ ವಾರ ಅದು 61,000ಕ್ಕೆ ಇಳಿದಿದೆ.

ಈ ವಾರ ಒಂದೇ ಕೆಲಸ. ಒಂದು ಹಾಳೆ ತಗೊಳ್ಳಿ, ನಿಮ್ಮ ಮನೆಯಲ್ಲಿ ಏನಿದೆ, ಏನಿಲ್ಲ ಅಂತ ಬರೆಯಿರಿ, ಬರೆದದ್ದನ್ನ ದೇವರ ಮುಂದೆ ಇಡಿ.

ಪ್ರಾರ್ಥಿಸೋಣ. ತಂದೆಯೇ, ನಮ್ಮ ದುಡ್ಡಿನ ವಿಷಯದಲ್ಲಿ ನಾವು ಮುಚ್ಚಿಟ್ಟದ್ದನ್ನ ಬೆಳಕಿಗೆ ತರುವ ಧೈರ್ಯ ಕೊಡಿ. ಇರುವುದರಲ್ಲಿ ನಂಬಿಗಸ್ತರಾಗಿ ನಡೆಯೋದನ್ನ ಕಲಿಸಿ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.