ಜೀವಂತ ಹವಳದ ಪ್ರಯಾಣ

ಹವಳವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಸರ, ಇಲ್ಲವೆ ಕುಜದೋಷದ ಪರಿಹಾರಕ್ಕೆಂದು ಬೆರಳಿಗೇರುವ ಉಂಗುರ. ನವರತ್ನಗಳ ಸಾಲಿನಲ್ಲಿ ಮುತ್ತಿನ ಪಕ್ಕದಲ್ಲಿ ಕುಳಿತಿರುವ ಈ ವಸ್ತುವನ್ನು ನಾವು ಒಂದು ಬಗೆಯ ಕಲ್ಲೆಂದೇ ತಿಳಿದಿದ್ದೇವೆ. ಅದಕ್ಕೆ ಬಾಯಿಯಿದೆ, ಹೊಟ್ಟೆಯಿದೆ, ನೀರು ಕಾದರೆ ಬಾಡುತ್ತದೆ, ಉಸಿರು ಕಟ್ಟಿದರೆ ಸಾಯುತ್ತದೆ ಎಂದರೆ ನಗುವವರೇ ಹೆಚ್ಚು. ನಾನೂ ಹಾಗೆ ನಕ್ಕವನೇ. ನನ್ನ ಕೈಯಲ್ಲೇ ಎರಡು ಹವಳಗಳು ಸತ್ತ ಮೇಲೆ ನಗುವುದನ್ನು ಬಿಟ್ಟೆ. ಜೀವಂತ ಹವಳವನ್ನು ಮನೆಯ ಗಾಜಿನ ತೊಟ್ಟಿಗೆ ಕೇಡಿಲ್ಲದಂತೆ ಸಾಗಿಸುವುದು ಹೇಗೆ ಎಂಬುದನ್ನು ಆ ಮೇಲೆ ಓದಿ, ಕೇಳಿ, ಮಾಡಿ ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ ಓದುವವನು. ತಪ್ಪಿದ್ದರೆ ಬಲ್ಲ ಅಧ್ಯಾಪಕರು ತಿದ್ದಬೇಕು.

ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ, ಕಾಲೇಜಿನ ಖರ್ಚಿಗೆ ದಾರಿಯಾಗಲೆಂದು, ಮಂಗಳೂರಿನ ಒಂದು ಅಲಂಕಾರ ಮೀನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಲ್ಲಿಯ ತೊಟ್ಟಿಯಲ್ಲೇ ತುಂಡಿನಿಂದ ಬೆಳೆಸಿದ್ದ ಎರಡು ಮೆದು ಹವಳಗಳನ್ನು, ಅಂಗಡಿಯವರು ‘ಲೆದರ್ ಕೋರಲ್’ ಎನ್ನುತ್ತಿದ್ದ ಜಾತಿಯವನ್ನು, ಹೊನ್ನಾವರದ ಗಿರಾಕಿಯೊಬ್ಬರ ಮನೆಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀರು ತುಂಬಿ, ರಬ್ಬರ್ ಬ್ಯಾಂಡಿನಿಂದ ಬಾಯಿ ಕಟ್ಟಿದೆ. ಥರ್ಮಕೋಲ್ ಪೆಟ್ಟಿಗೆ ಕೊಂಡೊಯ್ಯಲು ದೊಡ್ಡದೆನಿಸಿ ಬಟ್ಟೆಯ ಕೈಚೀಲದಲ್ಲೇ ಇಟ್ಟುಕೊಂಡೆ. ಬಸ್ಸು ತುಂಬಿತ್ತು, ಡ್ರೈವರರ ಪಕ್ಕ, ಎಂಜಿನ್ನಿನ ಬಾನೆಟ್ಟಿನ ಮೇಲೆ ಜಾಗ ಸಿಕ್ಕಿತು. ಮೇ ತಿಂಗಳ ನಡುಮಧ್ಯಾಹ್ನ. ಹೊನ್ನಾವರದಲ್ಲಿ ಇಳಿದು ಚೀಲ ಬಿಚ್ಚಿದಾಗ ನೀರು ಅಕ್ಕಿ ತೊಳೆದ ನೀರಿನಂತೆ ಕದಡಿತ್ತು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಗಿರಾಕಿ ಬೈಯಲಿಲ್ಲ. “ಇದನ್ನ ಬೇಯಿಸಿ ತಂದ್ಯಲ್ಲ ಮಾರಾಯಾ” ಎಂದರು. ಸಂಬಳದಲ್ಲಿ ಹಣ ಮುರಿದುಕೊಂಡದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಮೀನುಗಾರರ ಮನೆಯ ಹುಡುಗ ನಾನು. ಕಡಲಿನ ಜೀವವೊಂದನ್ನು ಐದು ತಾಸು ಕಾಪಾಡಲಾರದೆ ಹೋದೆ.

ನಾನು ಮಾಡಿದ ತಪ್ಪುಗಳು ಅರ್ಥವಾಗಬೇಕಾದರೆ ಹವಳವೆಂದರೇನೆಂದು ಮೊದಲು ತಿಳಿಯಬೇಕು. ಹವಳವು ಪ್ರಾಣಿ. ಸಾಮಾನ್ಯವಾಗಿ ನಾವು ಒಂದು ಹವಳವೆನ್ನುವುದು ನೂರಾರು ಪುಟ್ಟ ಜೀವಿಗಳ ಒಂದು ಕೇರಿ. ಪ್ರತಿಯೊಂದು ಜೀವಿಯೂ ಮೆದುವಾದ ಒಂದು ಚೀಲ. ಚೀಲಕ್ಕೆ ಒಂದೇ ಬಾಯಿ, ಬಾಯಿಯ ಸುತ್ತ ಎಸಳಿನಂಥ ಬೆರಳುಗಳು. ಗಟ್ಟಿ ಹವಳಗಳು ತಮ್ಮ ಅಡಿಯಲ್ಲಿ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ಮೆದು ಹವಳಗಳಿಗೆ ಅಂಥ ಮನೆಯಿಲ್ಲ. ಬಿಸಿಲು ನಾಡಿನ ಕಡಲಿನ ಬಹುಪಾಲು ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸವಾಗಿವೆ. ಹಗಲಿನಲ್ಲಿ ಅವು ಬೆಳಕಿನಿಂದ ಸಕ್ಕರೆ ತಯಾರಿಸಿ ಹವಳಕ್ಕೆ ಉಣಿಸುತ್ತವೆ, ಆಮ್ಲಜನಕವನ್ನೂ ಕೊಡುತ್ತವೆ. ನೀರಿನ ಶಾಖ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಈ ಒಕ್ಕಲು ಮುರಿದುಬೀಳುತ್ತದೆ. ಹವಳ ತನ್ನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿದ್ದು ಹೀಗೆಯೇ. ಕಡಲಿನಲ್ಲಿ ವಾರಗಟ್ಟಲೆ ನಡೆಯುವ ಕೇಡನ್ನು ನಾನು ಬಸ್ಸಿನ ಬಾನೆಟ್ಟಿನ ಮೇಲೆ ಕೆಲವು ತಾಸಿನಲ್ಲಿ ಮುಗಿಸಿದ್ದೆ.

ಹಾಗಾದರೆ ದಾರಿಯಲ್ಲಿ ಹವಳಕ್ಕೆ ಮೂರು ಶತ್ರುಗಳು: ಶಾಖದ ಏರಿಳಿತ, ಕೆಟ್ಟ ನೀರು, ಮೈಯುಜ್ಜುವಿಕೆ. ಈ ಮೂರರಲ್ಲಿ ಎರಡನ್ನು ನೂರೆಂಬತ್ತು ವರ್ಷಗಳ ಹಿಂದೆಯೇ ಎದುರಿಸಿ ಗೆದ್ದ ಹೆಂಗಸೊಬ್ಬಳ ಕಥೆ ಇಂಗ್ಲೆಂಡಿನ ಚರಿತ್ರೆಯಲ್ಲಿದೆ. ಆಕೆಯ ಹೆಸರು ಆನಾ ಥಿನ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿಯೊಬ್ಬರ ಹೆಂಡತಿ. 1846ರಲ್ಲಿ ಆಕೆ ದಕ್ಷಿಣ ತೀರದ ಟಾರ್ಕಿ ಎಂಬ ಊರಿನಲ್ಲಿದ್ದಾಗ ಬಂಡೆಗಳಲ್ಲಿ ಬೆಳೆಯುವ ಪುಟ್ಟ ಬಟ್ಟಲು ಹವಳಗಳನ್ನು ಕಂಡು ಮರುಳಾದಳು. ಅವನ್ನು ಜೀವಂತವಾಗಿ ಲಂಡನ್ನಿಗೆ ಒಯ್ಯಬೇಕೆಂದು ನಿಶ್ಚಯಿಸಿದಳು. ದಾರಿ 250 ಕಿಲೋಮೀಟರಿಗೂ ಹೆಚ್ಚು. ಜಾಡಿಯಲ್ಲಿ ಸುಮ್ಮನೆ ಹಾಕಿದರೆ ಗಾಡಿಯ ಕುಲುಕಾಟಕ್ಕೆ ಒಂದಕ್ಕೊಂದು ತಾಗಿ ಮೈ ಹರಿದುಕೊಳ್ಳುತ್ತವೆ. ಆದುದರಿಂದ ಆಕೆ ಸೂಜಿ ದಾರ ಹಿಡಿದು ಅವನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದು, ಕಡಲ ನೀರು ತುಂಬಿದ ಜಾಡಿಯಲ್ಲಿ ಇರಿಸಿದಳು. ಸ್ಪಂಜಿನ ರಂಧ್ರಗಳಲ್ಲಿ ನೀರು ಆಡುತ್ತಿತ್ತು, ಹವಳಗಳು ಕದಲಲಿಲ್ಲ. ಹೀಗೆ ಅವು ಲಂಡನ್ನನ್ನು ಜೀವಸಹಿತ ಮುಟ್ಟಿದುವು.

ಎರಡನೆಯ ಶತ್ರು ಮನೆಯಲ್ಲಿ ಕಾದಿತ್ತು. ಮೊದಮೊದಲು ಆಕೆ ಕಡಲ ನೀರನ್ನು ತರಿಸಿ ದಿನ ಬಿಟ್ಟು ದಿನ ಬದಲಿಸುತ್ತಿದ್ದಳು. ಅದಕ್ಕೆ ಅಡಚಣೆಯಾದಾಗ ಇದ್ದ ನೀರಿಗೇ ಗಾಳಿ ಬೆರೆಸುವ ಉಪಾಯ ಹೂಡಿದಳು. ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅರ್ಧ ಮುಕ್ಕಾಲು ಗಂಟೆ, ನೀರನ್ನು ಸುರಿಯುತ್ತಲೇ ಇರಬೇಕು. ಈ ಕೆಲಸ ಮಾಡಿದವಳು ಮನೆಯ ಕೆಲಸದ ಹುಡುಗಿ. ಮರುವರ್ಷ ಕಡಲ ಪಾಚಿಯನ್ನೂ ಜೊತೆಗಿಟ್ಟಾಗ ನೀರು ಇನ್ನಷ್ಟು ಚೊಕ್ಕಟವಾಗಿ ನಿಂತಿತು. ಸುಮಾರು ಮೂರು ವರ್ಷ ಹವಳಗಳು ಬದುಕಿದುವು, ಮರಿಯನ್ನೂ ಇಟ್ಟುವು. ಆನಾ ಥಿನ್ನಳ ಟಿಪ್ಪಣಿಗಳು 1859ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾದುವು. ನೀರು ಸುರಿಯುವುದು ದಣಿವಿನ ಕೆಲಸವೇ ಆದರೂ ಹುಡುಗಿಗೆ ಅದೊಂದು ವಿನೋದವಾಗಿತ್ತೆಂದು ಆಕೆ ಬರೆದಳು. ಇರಬಹುದು. ದಿನವೂ ಅರ್ಧ ಮೈಲಿಯಾಚೆಯ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದ ನನ್ನ ಅಮ್ಮನಿಗೆ ಈ ಕಥೆ ಹೇಳಿದೆ. “ಆ ಹುಡುಗೀನ ಕೇಳಿ ಬರದ್ರಾ?” ಎಂದಳು. ಉತ್ತರ ಹೇಳಲು ನನಗೆ ತೋಚಲಿಲ್ಲ. ಯಜಮಾನಿಯ ಹೆಸರು ಪುಸ್ತಕದಲ್ಲಿದೆ. ಹವಳದ ಉಸಿರು ನಿಂತದ್ದು ಹುಡುಗಿಯ ತೋಳಿನ ಮೇಲೆ.

ಈಗಿನ ಕ್ರಮಗಳನ್ನು ನೋಡಿದರೆ ಸಾಮಗ್ರಿ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ಅವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಹೊರಡುವ ಹಿಂದಿನ ದಿನ ಹವಳಕ್ಕೆ ಆಹಾರ ಹಾಕಬಾರದು. ಹೊಟ್ಟೆಯಲ್ಲಿದ್ದುದು ದಾರಿಯಲ್ಲಿ ಹೊರಬಿದ್ದು ನೀರನ್ನು ಕೆಡಿಸುತ್ತದೆ. ಮುಟ್ಟಿದಾಗ ಹವಳ ಮುದುಡಿಕೊಂಡು ಲೋಳೆ ಸುರಿಸುತ್ತದೆ. ಆ ಲೋಳೆಯನ್ನು ತೊಟ್ಟಿಯ ನೀರಿನಲ್ಲೇ ಮೆಲ್ಲನೆ ಅಲುಗಿಸಿ ಕಳೆದು, ಆಮೇಲೆ ಹೊಸ ನೀರಿನಲ್ಲಿ ಕಟ್ಟಬೇಕು. ಹಿಡಿಯುವಾಗ ಅಡಿಯ ಕಲ್ಲನ್ನು ಹಿಡಿಯಬೇಕಲ್ಲದೆ ಮೈಯನ್ನಲ್ಲ.

ಎರಡನೆಯದಾಗಿ, ಒಂದು ಹವಳಕ್ಕೆ ಒಂದೇ ಚೀಲ. ಮೆದು ಹವಳಗಳಲ್ಲಿ ಹಲವು ತಮ್ಮ ನೆರೆಯವರನ್ನು ದೂರವಿಡಲು ವಿಷ ಬಿಡುತ್ತವೆ. ಕಡಲಿನಲ್ಲಿ ಅಲೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಚೀಲದಲ್ಲಿ ಹೋಗಲು ದಾರಿಯಿಲ್ಲ. ಚೀಲದೊಳಗೆ ಇನ್ನೊಂದು ಚೀಲವಿರಲಿ. ಮೂಲೆಗಳನ್ನು ಟೇಪಿನಿಂದ ಮಡಿಸಿ ಅಂಟಿಸಿದರೆ ಹವಳ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹವಳ ಪೂರ್ತಿ ಮುಳುಗುವಷ್ಟು ನೀರು, ಅದರ ಮೇಲೆ ಗಾಳಿ. ದೂರದ ದಾರಿಯಾದರೆ ಆಮ್ಲಜನಕ ತುಂಬಿಸಬೇಕು. ನಾಜೂಕಾದ ಜಾತಿಗಳನ್ನು ಥರ್ಮಕೋಲಿನ ಒಂದು ಬಿಲ್ಲೆಗೆ ಕಟ್ಟಿ, ತಲೆಕೆಳಗಾಗಿ ತೇಲಬಿಡುತ್ತಾರೆ. ಬಿಲ್ಲೆ ನೀರಿನ ಮೇಲೆ ನಿಲ್ಲುತ್ತದೆ, ಹವಳ ಯಾವ ಗೋಡೆಗೂ ತಾಗದೆ ಕೆಳಗೆ ತೂಗುತ್ತದೆ. ಇದು ಆನಾ ಥಿನ್ನಳ ಸ್ಪಂಜಿನ ಮೊಮ್ಮಗುವೆಂದೇ ಹೇಳಬೇಕು.

ಮೂರನೆಯದಾಗಿ, ಶಾಖ. ತೊಟ್ಟಿಯ ಹವಳಗಳಿಗೆ ಒಗ್ಗುವುದು ಸುಮಾರು 24ರಿಂದ 27 ಡಿಗ್ರಿ ಸೆಲ್ಸಿಯಸ್. ನಮ್ಮ ಕರಾವಳಿಯಲ್ಲಿ ಮೀನಿಗೆ ಮಂಜುಗಡ್ಡೆ ಹಾಕಿ ಕಳಿಸುವ ಥರ್ಮಕೋಲ್ ಪೆಟ್ಟಿಗೆಯೇ ಇದಕ್ಕೂ ಸಾಕು. ಬೇಸಿಗೆಯಲ್ಲಿ ಮಂಜುಗಡ್ಡೆಯ ಪೊಟ್ಟಣವನ್ನು ಹಲವು ಸುತ್ತು ಸುದ್ದಿಪತ್ರಿಕೆಯಲ್ಲಿ ಸುತ್ತಿ, ಚೀಲಕ್ಕೆ ತಾಗದಂತೆ ಮೂಲೆಯಲ್ಲಿಡಬೇಕು. ತಾಗಿದರೆ ಚಳಿಯೂ ಕೊಲ್ಲುತ್ತದೆ. ಖಾಲಿ ಜಾಗಕ್ಕೆ ಕಾಗದ ತುರುಕಿದರೆ ಚೀಲ ಉರುಳುವುದಿಲ್ಲ. ಮುಚ್ಚಳ ಹಾಕಿದ ಮೇಲೆ ದಾರಿಯಲ್ಲಿ ತೆರೆದು ನೋಡುವ ಚಪಲ ಬೇಡ. ಕತ್ತಲಲ್ಲಿ ಪಾಚಿ ಆಮ್ಲಜನಕ ತಯಾರಿಸದು, ನಿಜ. ಆದರೆ ಹವಳ ಮುದುಡಿ ಶಾಂತವಾಗಿರುತ್ತದೆ. ನೀರು, ಗಾಳಿ ಸಾಕಷ್ಟಿದ್ದರೆ ಒಂದು ದಿನದ ಕತ್ತಲೆ ಹೆಚ್ಚಿನವಕ್ಕೆ ಕೇಡಲ್ಲ.

ನಾಲ್ಕನೆಯದಾಗಿ, ಹೊತ್ತವರ ಕ್ಷೇಮ. ಗುಂಡಿಗಳಂತೆ ಹರಡುವ ಜೊವಾಂತಿಡ್ ಎಂಬ ಬಣ್ಣದ ಜೀವಿಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸು, ಕನ್ನಡಕ ಇಲ್ಲದೆ ಅವನ್ನು ಮುಟ್ಟಬಾರದು. ಅವು ಬೆಳೆದ ಕಲ್ಲನ್ನು ಶುಚಿ ಮಾಡುವ ನೆಪದಲ್ಲಿ ಎಂದಿಗೂ ಕುದಿಸಬಾರದು. ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಸಂದರ್ಭಗಳು ಹೊರದೇಶಗಳಲ್ಲಿ ನಡೆದಿವೆ.

ಐದನೆಯದಾಗಿ, ಇಳಿಸುವ ಕ್ರಮ. ಮನೆ ಮುಟ್ಟಿತೆಂದು ಚೀಲವನ್ನು ಕೂಡಲೆ ತೊಟ್ಟಿಗೆ ಸುರಿದರೆ ಪಟ್ಟ ಪಾಡೆಲ್ಲ ವ್ಯರ್ಥ. ದೀಪವಾರಿಸಿ, ಕಟ್ಟು ಬಿಚ್ಚದೆ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟರೆ ಶಾಖ ಸಮನಾಗುತ್ತದೆ. ಆಮೇಲೆ ಬಿಚ್ಚಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಉಪ್ಪಿನಂಶಕ್ಕೆ ಒಗ್ಗಿಸಬೇಕು. ಆದರೆ ಬಹಳ ತಾಸು ಮುಚ್ಚಿದ್ದ ಚೀಲವಾದರೆ ಈ ಕೆಲಸವನ್ನು ಎಳೆಯಬಾರದು. ಮುಚ್ಚಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಆಮ್ಲದ ಕಡೆಗೆ ವಾಲಿರುತ್ತದೆ. ಆಗ ಹೊಲಸಿನಿಂದ ಹುಟ್ಟಿದ ಅಮೋನಿಯದ ವಿಷ ಅಡಗಿರುತ್ತದೆ. ಬಾಯಿ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ವಿಷ ತಲೆಯೆತ್ತುತ್ತದೆ. ಹವಳವನ್ನು ಮಾತ್ರ ತೊಟ್ಟಿಗೆ ಬಿಟ್ಟು ಚೀಲದ ನೀರನ್ನು ಚೆಲ್ಲಬೇಕು. ಬೆಳಕನ್ನು ಕೆಲವು ದಿನ ಮಂದವಾಗಿಟ್ಟು ಮೆಲ್ಲನೆ ಏರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಒಂದು ಪ್ರಶ್ನೆ ಉಳಿಯುತ್ತದೆ: ಈ ಹವಳ ಎಲ್ಲಿಂದ ಬಂತು? ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಅಪ್ಪನ ಜೊತೆ ದೋಣಿಯಲ್ಲಿ ಹೋಗಿದ್ದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ಗುಡ್ಡದ ಸುತ್ತ ಹವಳಗಳಿರುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅಲ್ಲಿಗೆ ಹತ್ತಿರದಲ್ಲಿ ಎಳೆದ ಬಲೆಯಲ್ಲಿ ಮುಷ್ಟಿಗಾತ್ರದ ಹವಳದ ತುಂಡೊಂದು ಬಂತು. ಮನೆಗೆ ಒಯ್ದು ಗಾಜಿನ ಭರಣಿಯಲ್ಲಿ ಇಡುತ್ತೇನೆಂದು ಹಟ ಹಿಡಿದೆ. “ಅದ್ಕೆ ಜೀವ ಅದೆ ಮಗಾ, ಬಿಟ್ಬಿಡು. ಇದ್ರ ಸಂದೀಲೇ ಮೀನು ಮರಿ ಮಾಡೂದು” ಎಂದು ಅಪ್ಪ ಅದನ್ನು ನೀರಿಗೆ ಇಳಿಸಿದ. ಅಪ್ಪ ಓದಿದ್ದು ಮೂರನೆಯ ಇಯತ್ತೆ. ಅವನು ಹೇಳಿದ್ದನ್ನೇ ನಮ್ಮ ದೇಶದ ಕಾನೂನೂ ಹೇಳುತ್ತದೆಂದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಇವೆಲ್ಲ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದುವು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಉಂಟು. ನಮ್ಮ ಕಡಲಿನಿಂದ ಇವನ್ನು ಕೀಳುವುದಾಗಲಿ ಮಾರುವುದಾಗಲಿ ಸೆರೆವಾಸದ ಅಪರಾಧ. ದೇಶದೇಶಗಳ ನಡುವಣ ಗಟ್ಟಿ ಹವಳದ ವ್ಯಾಪಾರವೂ ಸೈಟಿಸ್ ಒಪ್ಪಂದದ ಕಟ್ಟುಪಾಡಿಗೆ ಒಳಪಟ್ಟಿದೆ. ಆದುದರಿಂದ ಸಾಗಿಸಲು ಯೋಗ್ಯವಾದುದು ಕಾನೂನು ಒಪ್ಪುವ ಜಾತಿಯದು, ಅದೂ ದಾಸವಾಳದ ರೆಂಬೆ ನೆಟ್ಟಂತೆ ತೊಟ್ಟಿಯಲ್ಲೇ ತುಂಡಿನಿಂದ ಬೆಳೆಸಿದ್ದು. ಬೆಳೆಸಿದವರು ಯಾರೆಂದು ಹೇಳಲಾರದ ಅಂಗಡಿಯಲ್ಲಿ ಕೊಳ್ಳದಿರುವುದೇ ಎಲ್ಲಕ್ಕಿಂತ ಕ್ಷೇಮವಾದ ಸಾಗಣೆ.

ಮರುವರ್ಷದ ರಜೆಯಲ್ಲಿ ಅದೇ ಅಂಗಡಿಗೆ ಹೋಗಿ, ಅದೇ ಗಿರಾಕಿಗೆ, ಅದೇ ಜಾತಿಯ ಒಂದು ಹವಳವನ್ನು ನಾನೇ ಕೇಳಿ ಒಯ್ದೆ. ಬೆಳಗಿನ ಮೊದಲ ಬಸ್ಸು, ಎರಡು ಪದರ ಚೀಲ, ಅಮ್ಮನ ಮೀನಿನ ಥರ್ಮಕೋಲ್ ಪೆಟ್ಟಿಗೆ. ಪೆಟ್ಟಿಗೆಯನ್ನು ಐದು ತಾಸೂ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಮೂರನೆಯ ದಿನ ಗಿರಾಕಿ ಫೋನು ಮಾಡಿ, “ನಿನ್ನ ಹವಳ ಬೆರಳು ಬಿಚ್ಚಿತು ಮಾರಾಯಾ” ಎಂದರು. ಪರೀಕ್ಷೆಯ ಫಲಿತಾಂಶ ಕೇಳಿದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪುಸ್ತಕದಿಂದ ಕಾರಣಗಳನ್ನು ಕಲಿತೆ. ಆದರೆ ಅಪ್ಪನ ಬಲೆಯಲ್ಲಿ, ಅಮ್ಮನ ಪೆಟ್ಟಿಗೆಯಲ್ಲಿ ಆ ಪಾಠ ಮೊದಲೇ ಇತ್ತು. ಜೀವವನ್ನು ಹೊತ್ತು ನಡೆಯುವವನಿಗೆ ಓದು, ಕೈ ಎರಡೂ ಬೇಕು. ಕಿಟಕಿಯ ಬಳಿ ನೀರು ಸುರಿದ ಆ ಹುಡುಗಿಯನ್ನು ನೆನೆದು ಈ ಲೇಖನವನ್ನು ಮುಗಿಸುತ್ತೇನೆ.